ಅಡುಗೆಮನೆಗೆ ಹೊಲಿಗೆಯಿಲ್ಲದ ಪರದೆ

ಸಾಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಕಿಟಕಿ ರಸ್ತೆಗೇ ತೆರೆದಿತ್ತು. ಬೆಳಿಗ್ಗೆ ಲಿಂಗನಮಕ್ಕಿ ಅಣೆಕಟ್ಟೆಯ ಕೆಲಸಕ್ಕೆ ಹೋಗುವವರ ಲಾರಿ ಎದುರಿಗೇ ನಿಲ್ಲುತ್ತಿತ್ತು. ಮೇಲೆ ಕೂತವರೆಲ್ಲ ನಾನು ಒಲೆ ಊದುವುದನ್ನು ನೋಡುತ್ತಿದ್ದರು. ಒಂದು ಪರದೆ ಹೊಲಿಯುತ್ತೇನೆ ಎಂದೆ. ಅತ್ತೆ ಒಪ್ಪಲಿಲ್ಲ.

"ಹೊಲ್ದ ಬಟ್ಟೆ ಮಡಿಗೆ ಆಗ್ತಿಲ್ಲೆ. ಹಂಗೇ ಇಳಿಬಿಡು," ಎಂದರು.

ಸರಿ, ಸೂಜಿ ಮುಟ್ಟಲಿಲ್ಲ. ನಮ್ಮವರ ಹಳೆಯ ಪಂಚೆಯೊಂದನ್ನು ಹರಿದೆ. ಕಿಟಕಿಯ ಎರಡೂ ಬದಿಗೆ ಮೊಳೆ ಹೊಡೆದು, ಹುರಿ ಬಿಗಿದು, ಅದರ ಮೇಲೆ ಬಟ್ಟೆ ಮಡಚಿ ಹಾಕಿದೆ. ಗಾಳಿಗೆ ಜಾರದಂತೆ ಮೇಲಿನ ತುದಿಗಳನ್ನು ಮೊಳೆಗೇ ಗಂಟು ಹಾಕಿದೆ. ಅದೊಂದು ದಿನ ನೆಮ್ಮದಿಯಾಗಿ ಒಲೆ ಊದಿದೆ.

ಮರುದಿನ ಬೆಳಕು ಹರಿಯುತ್ತಲೇ ಅತ್ತೆ ಅದನ್ನು ಬಿಚ್ಚಿ ನನ್ನ ಬಕೆಟ್ಟಿಗೆ ಹಾಕಿದರು. ಒಲೆಯ ಹತ್ತಿರದ ಬಟ್ಟೆ ದಿನವೂ ಮಡಿಯಾಗಬೇಕಂತೆ. ಒಗೆಯುವ ರಾಶಿಗೆ ಇನ್ನೊಂದು ಸೇರಿತು. ದಿನವೂ ಒಗೆದು ಹಿತ್ತಲಲ್ಲಿ ಹರವುತ್ತಿದ್ದೆ. ಅದು ಒಣಗುವ ಹೊತ್ತಿಗೆ ಮಧ್ಯಾಹ್ನದ ಊಟವೇ ಮುಗಿದಿರುತ್ತಿತ್ತು. ಆಮೇಲೆ ತಂದು ಕಟ್ಟುತ್ತಿದ್ದೆ.

ನಾನು ಲಾರಿಯವರ ಕಣ್ಣೆದುರೇ ಬೇಯಿಸಿದೆ. ಪರದೆ ಮರೆಮಾಡಿದ್ದು ಆರಿದ ಒಲೆಯನ್ನು.