ಸುಣ್ಣದ ತಿಳಿನೀರು

ಮಸ್ಕಿಯ ಆನಂದಕುಮಾರ ಎಂಟನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಪ್ರಯೋಗ ಮುಗಿದ ಮೇಲೆ ಗಾಜಿನ ಸಾಮಾನುಗಳನ್ನು ತೊಳೆದಿಡುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಿದ್ದ. ಒಂದೊಂದನ್ನೂ ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬೋರಲು ಹಾಕುತ್ತಿದ್ದ.

ಮುಂದೆ ಅವನು ಪುಣೆಗೆ ಹೋಗಿ, ಅಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಹೋಟೆಲೊಂದರಲ್ಲಿ ಹದಿನಾಲ್ಕು ವರ್ಷ ಪೀಪಾಯಿಗಳನ್ನು ತೊಳೆದ. ನೋಡುತ್ತ ನೋಡುತ್ತ ಕೆಲಸವನ್ನೆಲ್ಲ ಕಲಿತ. ತಯಾರಿಸುವವರೇ ಇವನನ್ನು ಕರೆದು, ಮೂಸಿ ನೋಡಿ ಹದ ಹೇಳೆನ್ನುತ್ತಿದ್ದರಂತೆ. ಆದರೆ ಸಂಬಳದ ಪಟ್ಟಿಯಲ್ಲಿ ಅವನು ಕೊನೆಯವರೆಗೂ ತೊಳೆಯುವವನೇ. ಹೋಟೆಲು ಮುಚ್ಚಿತು. ನಲವತ್ತಮೂರನೆಯ ವಯಸ್ಸಿಗೆ ಆನಂದಕುಮಾರ ಮಸ್ಕಿಗೆ ಮರಳಿದ.

ಆಗ ಸಿಂಧನೂರಿನ ಅಕ್ಕಿ ಗಿರಣಿಯ ಸಾವುಕಾರ ಸಿದ್ದರಾಮೇಶ ಹೊಸಪೇಟೆಯಲ್ಲಿ ಅಂಥದೇ ಹೋಟೆಲು ಕಟ್ಟಿಸುತ್ತಿದ್ದ. ಆನಂದಕುಮಾರ ಹೋಗಿ ಕೇಳಿದಾಗ ಸಾವುಕಾರ ಹೇಳಿದ್ದಿಷ್ಟು:

“ಲೈಸೆನ್ಸ್ ನಾ ನೋಡ್ಕೋತೀನಿ. ನೀ ಒಂದು ಸಲ ಮಾಡಿ ತೋರಿಸು. ಗ್ಲಾಸಿನ ಹಿಂದ ಬೆರಳು ಹಿಡಿದ್ರ ಬೆರಳು ಕಾಣಬೇಕು. ಕಂಡ್ರ ಮಾಡೋ ನೌಕರಿ ನಿಂದು.”

ಮೊಳಕೆ ಬರಿಸಿ ಒಣಗಿಸಿದ ಬಿಳಿಜೋಳದಿಂದ ಅವನು ಮನೆಯಲ್ಲಿಯೇ ಬಿಯರ್ ಮಾಡಿದ. ಪರವಾನಗಿ ಇಲ್ಲದೆ ಹಾಗೆ ಮಾಡುವುದು ತಪ್ಪೆಂದು ಹೇಳಿದೆನಾದರೂ ನಾನು ಅವನನ್ನು ತಡೆಯಲಿಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ತುಂಬಿ, ಮುಚ್ಚಳದಲ್ಲಿ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸುಣ್ಣದ ತಿಳಿನೀರಿನ ಬಾಟಲಿಯಲ್ಲಿ ಅದ್ದಿದ್ದ. ಹುಳಿಯುವಾಗ ಹೊರಡುವ ಗಾಳಿಯಿಂದ ಸುಣ್ಣದ ನೀರು ಹಾಲಿನಂತಾಗುತ್ತದೆ. ಅದು ನನ್ನ ಪಾಠ. ಬೇರೆಯವರು ಬರಿಯ ನೀರು ಇಡುತ್ತಾರಂತೆ. ಇವನು ನನ್ನ ನೆನಪಿಗೆಂದು ಸುಣ್ಣದ ನೀರು ಇಟ್ಟಿದ್ದ.

ಹತ್ತು ದಿನಕ್ಕೆ ಗುಳ್ಳೆ ನಿಂತವು. ಇನ್ನು ಮೂರು ದಿನ ಚಳಿಯಲ್ಲಿಟ್ಟರೆ ಮಡ್ಡಿ ತಳಕ್ಕಿಳಿದು ಬಿಯರ್ ತಿಳಿಯಾಗಬೇಕು. ಅವನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಲಿಂಗಸೂಗೂರಿನ ನಮ್ಮ ಮನೆಯದು ದೊಡ್ಡದು. ಒಂದು ಮುಂಜಾನೆ ಟಂಟಂ ಆಟೋದಲ್ಲಿ ಕ್ಯಾನನ್ನು ತೊಡೆಯ ನಡುವೆ ಹಿಡಿದುಕೊಂಡು ಬಂದ.

ನನ್ನ ಹೆಂಡತಿ ನಾಗವೇಣಿ ಫ್ರಿಜ್ಜಿನ ಹಲಗೆಗಳನ್ನು ತೆಗೆಯುತ್ತ, “ಜೀವಮಾನದಾಗ ಒಂದು ಬೀಡಿ ಸೇದಲಿಲ್ಲ, ಈಗ ಮನ್ಯಾಗ ಬಾರ್ ತಗದ್ರಿ ನೋಡ್ರಿ. ಮೊಸರು ಎಲ್ಲಿ ಇಡ್ಲಿ?” ಎಂದಳು.

“ಮೂರು ದಿನ ಅಷ್ಟ ರೀ ಅಮ್ಮಾರ. ಆಮ್ಯಾಲ ನಿಮ್ಮ ಮೊಸರಿಗೆ ನಾನೇ ಜಾಗ ಒರೆಸಿ ಕೊಡ್ತೀನಿ,” ಎಂದ ಆನಂದಕುಮಾರ.

ನಳಿಕೆಯನ್ನು ಸುಣ್ಣದ ನೀರಿನಿಂದ ತೆಗೆದು, ಹುಳಿಯುವಾಗ ಹಿಡಿದಿಟ್ಟಿದ್ದ ಗಾಳಿ ತುಂಬಿದ ಬಲೂನನ್ನು ಅದರ ತುದಿಗೆ ಕಟ್ಟಿ, ಕ್ಯಾನನ್ನು ಫ್ರಿಜ್ಜಿನೊಳಗಿಟ್ಟ. ಸುಣ್ಣದ ನೀರಿನ ಬಾಟಲಿಯನ್ನು ಅಡುಗೆಕಟ್ಟೆಯ ಮೇಲಿಟ್ಟ.

“ಸರ್, ಒಳಗಿಂದು ತಣ್ಣಗಾದಂಗ ಈ ಬಲೂನ್...”

“ನನಗ ಪಾಠ ಹೇಳ್ತೀಯೇನಪ್ಪಾ? ಇದನ್ನ ನಿನಗ ಕಲಿಸಿದಾಂವ ನಾನು,” ಎಂದೆ. ತಮಾಷೆಗೆ ಅಂದದ್ದು. ಅವನೂ ನಕ್ಕ.

“ಖರೆ ಐತ್ರಿ ಸರ್. ಬಾಗಿಲ ಒಂದು ತಗೀಬ್ಯಾಡ್ರಿ,” ಎಂದು ಬಸ್ಸಿಗೆ ಹೋದ.

ಸಂಜೆ ನಾನು ಬಾಗಿಲು ತೆಗೆದೆ. ಬಲೂನು ಸೊರಗಿ ಕ್ಯಾನಿನ ಪಕ್ಕಕ್ಕೆ ಜೋತು ಬಿದ್ದಿತ್ತು. ತೂತು ಬಿದ್ದಿದೆ, ಹೊರಗಿನ ಗಾಳಿ ಹೊಕ್ಕರೆ ಬಿಯರ್ ಕೆಡುತ್ತದೆ ಎಂದುಕೊಂಡೆ. ಬಲೂನು ಬಿಚ್ಚಿ, ಸುಣ್ಣದ ನೀರಿನ ಬಾಟಲಿಯನ್ನು ಒಳಗಿಟ್ಟು, ನಳಿಕೆಯ ತುದಿಯನ್ನು ಮೊದಲಿನಂತೆ ಅದರಲ್ಲಿ ಅದ್ದಿದೆ. ಶಿಷ್ಯನ ಕೆಲಸ ಉಳಿಸಿದೆನೆಂಬ ಸಮಾಧಾನದಲ್ಲಿ ಊಟ ಮಾಡಿದೆ.

‘ಸ್ಪಿರಿಟ್ ದೀಪ ಆರಿಸುವ ಮೊದಲು ನಳಿಕೆಯನ್ನು ನೀರಿನಿಂದ ತೆಗೆಯಿರಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದರೆ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ’ ಎಂದು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿದವನು ನಾನು. ಫ್ರಿಜ್ಜಿನ ಮುಂದೆ ನಿಂತಾಗ ದೀಪವಿರಲಿಲ್ಲ, ಪಾಠವೂ ನೆನಪಾಗಲಿಲ್ಲ.

ಮುಂಜಾನೆ ಹಾಲು ಇಡಲು ಹೋದ ನಾಗವೇಣಿ ಕೂಗಿದಳು: “ಸುಣ್ಣದ ನೀರು ಎಲ್ಲಿ ಹೋತ್ರೀ?”

ಬಾಟಲಿಯ ತಳದಲ್ಲಿ ಬಿಳಿಯ ಗೆರೆಯೊಂದೇ ಉಳಿದಿತ್ತು. ಮಿಕ್ಕದ್ದೆಲ್ಲ ಕ್ಯಾನಿನೊಳಗೆ. ಬಲೂನು ಸೊರಗಿದ್ದು ತೂತಿನಿಂದಲ್ಲ, ತಣ್ಣಗಾದ ಕ್ಯಾನು ಅದರ ಗಾಳಿಯನ್ನು ಎಳೆದುಕೊಂಡದ್ದರಿಂದ.

ಫೋನು ಮಾಡಿದೆ. ಮಧ್ಯಾಹ್ನಕ್ಕೆ ಬಂದ ಆನಂದಕುಮಾರ ಬಾಟಲಿಯನ್ನು ನೋಡಿದ. ಗ್ಲಾಸಿಗೆ ಸುರಿದು ಬೆಳಕಿಗೆ ಹಿಡಿದ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗುಳಿ ಬಂದ.

“ತಪ್ಪು ನಂದಪ್ಪಾ. ಇನ್ನೊಮ್ಮೆ ಮಾಡು,” ಎಂದೆ.

“ಸಾವುಕಾರ ಈ ಐತವಾರ ಅಂದಾನ್ರಿ. ಇನ್ನೊಮ್ಮೆ ಅಂದ್ರ ಹದಿನೈದು ದಿನ ಬೇಕು. ಆ ನೌಕರಿಗೆ ಗೋವಾದಾಂವ ಒಬ್ಬ ಕಾಯಾಕತ್ತಾನ.” ಕ್ಯಾನಿನ ಮುಚ್ಚಳ ಬಿಗಿಯುತ್ತ ಹೇಳಿದ: “ತಪ್ಪು ನಿಮ್ದಲ್ರೀ ಸರ್. ನಾ ಪೂರಾ ಹೇಳಬೇಕಾಗಿತ್ತು.”

ಹೋಗುವ ಮೊದಲು ಆ ಬಾಟಲಿಯನ್ನು ತೊಳೆದು, ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕಿದ.

ಆ ಭಾನುವಾರ ನಾನೂ ಅವನೊಂದಿಗೆ ಸಿಂಧನೂರಿಗೆ ಹೋದೆ. ಸಾವುಕಾರ ಗ್ಲಾಸಿನ ಹಿಂದೆ ಬೆರಳು ಹಿಡಿದ. ಬೆರಳು ಕಾಣಲಿಲ್ಲ.

“ಲೇ, ಕುಡಿಯೋದು ತಾ ಅಂದ್ರ ಗ್ವಾಡಿಗೆ ಬಳಿಯೋದು ತಂದೀಯಲ್ಲ,” ಎಂದ. ಗಿರಣಿಯವರು ನಕ್ಕರು.

ನಾನು ಎದ್ದು ನಿಂತು ಬಲೂನು, ನಳಿಕೆ, ಸುಣ್ಣದ ನೀರು ಎಲ್ಲವನ್ನೂ ಹೇಳಿದೆ. ಸಾವುಕಾರ ಮರ್ಯಾದೆಯಿಂದ ಕೇಳಿ, ನನ್ನನ್ನು ಕುರ್ಚಿಯಲ್ಲಿ ಕೂಡಿಸಿದ.

“ಮಾಸ್ತರ್ರ, ನೀವು ದೊಡ್ಡ ಮನುಷ್ಯಾರು. ಶಿಷ್ಯಾನ ತಪ್ಪು ಮೈಮ್ಯಾಲ ಹಾಕ್ಕೊಂಡು ಇಲ್ಲೀತನಕ ಬಂದೀರಿ. ಇಂಥಾ ಮಾಸ್ತರು ನಮಗ ಸಿಗಲಿಲ್ಲ.”

“ಇಲ್ಲಪ್ಪಾ, ನಿಜವಾಗ್ಲೂ ನಾನೇ... ಆನಂದ, ನೀನರ ಹೇಳು.”

ಆನಂದಕುಮಾರ ನೆಲ ನೋಡುತ್ತ, “ಸರ್ ಮಾತು ಬಿಡ್ರಿ ಸಾವುಕಾರ್ರ. ತಪ್ಪು ನಂದೇ,” ಎಂದ.

“ನೋಡ್ರಿ, ಒಪ್ಕೊಂಡ,” ಎಂದ ಸಾವುಕಾರ ನನ್ನತ್ತ ನಕ್ಕು, ಅವನಿಗೆ ಹೇಳಿದ: “ತೊಳಿಯೋ ಕೆಲಸಕ್ಕ ಬೇಕಂದ್ರ ಬಾ.”

ಆನಂದಕುಮಾರ ಹೋದ. ಈಗ ಹೊಸಪೇಟೆಯಲ್ಲಿ ಪೀಪಾಯಿ ತೊಳೆಯುತ್ತಾನೆ. ಹೋದ ತಿಂಗಳು ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ನಾಗವೇಣಿ ಚಹಾ ಕೊಡುತ್ತ, “ಆ ಗೋವಾದಾಂವಗ ಕೆಲಸ ಬರ್ತದೇನಪಾ?” ಎಂದು ಕೇಳಿದಳು.

“ಸಣ್ಣ ಹುಡುಗ ರೀ ಅಮ್ಮಾರ. ತಣ್ಣಗ ಮಾಡೋ ಮೊದಲು ಬಲೂನ್ ಕಟ್ಟೋದು ಗೊತ್ತಿದ್ದಿಲ್ಲ. ನಾನೇ ತೋರಿಸೀನಿ.”

“ನೀ ಹೇಳಿದ್ದು ಕೇಳಿದ್ನೇನು?” ಎಂದೆ ನಾನು.

ಅವನು ಬಟ್ಟಲನ್ನು ಕೆಳಗಿಟ್ಟ.

“ಪೂರಾ ಕೇಳಿದ ಸರ್.”