ಬಿಸಿಲಿಗಿಟ್ಟ ಡ್ರಿಲ್ಲಿಂಗ್ ಮೆಷಿನ್

ಆಯುಧಪೂಜೆಗೆ ಎರಡೇ ದಿನ ಇತ್ತು. ಕೆಸರೆಯ ವರ್ಕ್‌ಶಾಪ್ ಮಾಲೀಕ ಶಿವಣ್ಣನವರು ನಮ್ಮ ಅಂಗಡಿಯ ಪೇಂಟ್ ರಿಮೂವರ್ ಒಯ್ದಿದ್ದರು. ಡ್ರಿಲ್ಲಿಂಗ್ ಮೆಷಿನ್ನಿನ ಹಳೆ ಬಣ್ಣ ಏಳುತ್ತಿಲ್ಲವೆಂದು ನನ್ನನ್ನು ಕರೆಸಿದರು. ಪೂಜೆಯ ಹೊತ್ತಿಗೆ ಅದಕ್ಕೆ ಹೊಸ ಬಣ್ಣ ಬಳಿದಿರಲೇಬೇಕಿತ್ತು.

ನಾನು ಕೆಮಿಸ್ಟ್ರಿ ಓದಿದವನು. ಬಿಸಿ ಹೆಚ್ಚಿದಷ್ಟೂ ರಿಮೂವರ್ ಚುರುಕಾಗುತ್ತದೆ ಎಂದು ಹೇಳಿ ಮೆಷಿನನ್ನು ಮಧ್ಯಾಹ್ನದ ಬಿಸಿಲಿಗೆ ಇಡಿಸಿದೆ. ಹಚ್ಚಿದ ಹತ್ತು ನಿಮಿಷಕ್ಕೆ ರಿಮೂವರ್ ಒಣಗಿ ಹಪ್ಪಳವಾಯಿತು. ಬಣ್ಣ ಮಾತ್ರ ಹಾಗೇ ಇತ್ತು.

“ಏನ್ಸಾರ್, ನಿಮ್ ಸೈನ್ಸೂ ಒಣಗೋಯ್ತಾ?” ಎಂದರು ಶಿವಣ್ಣ.

ಆಮೇಲೆ ಅವರೇ ಮೆಷಿನನ್ನು ನೆರಳಿಗೆ ಎಳೆಸಿ, ಒಂದು ಬದಿಗೆ ಮತ್ತೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದರು. ಒಂದು ಗಂಟೆಯಲ್ಲಿ ಆ ಬದಿಯ ಬಣ್ಣ ಸಿಪ್ಪೆಯಂತೆ ಎದ್ದು ಬಂತು.

ನನಗೆ ಗೊಂದಲವಾಯಿತು. “ಕೆಲಸ ಮಾಡಿದ್ದು ನೆರಳೋ, ಹಾಳೆಯೋ? ಎರಡನ್ನೂ ಒಟ್ಟಿಗೇ ಮಾಡಿಬಿಟ್ರಲ್ಲ!”

“ಬಣ್ಣ ಬಂತಲ್ಲ, ಬುಡಿ ಸಾರ್.”

“ಇನ್ನೊಂದು ಬದಿಯ ಒಂದು ಮೂಲೇಲಿ ಹಾಳೆ ಇಲ್ಲದೆ ಹಚ್ಚಿ ನೋಡೋಣ?”

“ಪೂಜೆಗೆ ಮಚ್ಚೆ ಬಿದ್ದಿರೋ ಮೆಷಿನ್ ಇಡ್ಲಾ? ಹಬ್ಬ ಮುಗಿಸ್ಕೊಂಡು ಬನ್ನಿ, ಎಷ್ಟ್ ಬೇಕಾದ್ರೂ ಪರೀಕ್ಷೆ ಮಾಡೋರಂತೆ.”

ಹಬ್ಬ ಮುಗಿಸಿಕೊಂಡು ಹೋದೆ. ಕುಂಕುಮ ಇಟ್ಟ ಹಸಿರು ಮೆಷಿನ್ ಹೊಳೆಯುತ್ತಿತ್ತು. ಮಿಕ್ಕ ಮೆಷಿನ್‌ಗಳಿಗೂ ಹೊಸ ಬಣ್ಣ ಬಿದ್ದಿತ್ತು. ಪರೀಕ್ಷಿಸಲು ಇಡೀ ವರ್ಕ್‌ಶಾಪಿನಲ್ಲಿ ಹಳೆ ಬಣ್ಣದ ಒಂದು ಚೂರೂ ಉಳಿದಿರಲಿಲ್ಲ.