ಘಾಸ್ಟ್ಲಿ ಚಹಾ

ಎಲ್ಲಾದರೂ ಹಾಲು ತಳ ಹಿಡಿದ ವಾಸನೆ ಬಂದರೆ ಸಾಕು, ಪುಣೆಯ ಖಡಕಿಯಲ್ಲಿದ್ದ ನಮ್ಮ ಎರಡು ಖೋಲಿಯ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಜೊತೆಗೆ ಒಂದು ಇಂಗ್ಲಿಷ್ ಶಬ್ದವೂ. ಅಪ್ಪನ ತಂಗಿ ಸುಮಾ ಅತ್ತಿ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಅಲ್ಲಿನ ಮುದಿ ಸಾಹೇಬರ ಬಾಯಿಂದ ಅವಳು ಮನೆಗೆ ತಂದ ಶಬ್ದ ‘ಘಾಸ್ಟ್ಲಿ’. ಬಸ್ಸಿನ ಗದ್ದಲ ಘಾಸ್ಟ್ಲಿ, ಪಕ್ಕದ ಮನೆಯ ಗುಲಾಬಿ ಪರದೆ ಘಾಸ್ಟ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅವ್ವನ ಚಹಾ ಘಾಸ್ಟ್ಲಿ. ಸಂಜೆ ಬಂದು ಒಂದು ಗುಟುಕು ಕುಡಿದು, ಮೂಗು ಮುರಿದು, “ವೈನಿ, ಘಾಸ್ಟ್ಲಿ ಅದ!” ಎನ್ನುವಳು. “ಹಂಗಾದ್ರ ನೀನ ಮಾಡ್ಕೊ ಹೋಗವಾ,” ಎಂದು ಅವ್ವ ನಗುವಳು. ಕಪ್ ಮಾತ್ರ ಖಾಲಿಯಾಗಿರುತ್ತಿತ್ತು. ಒಮ್ಮೆ ನಾನು ಅರ್ಥ ಕೇಳಿದೆ. “ನೋಡಿದ್ರ ಎದಿ ಧಸಕ್ ಅನ್ನಬೇಕು, ಮಾರಿ ಹೊಳ್ಳಿಸಬೇಕು, ಅಂಥಾ ಭೀಕರ. ಆದ್ರ ಅಂಥಾದ್ದು ದಿನಾ ಎಲ್ಲಿ ಸಿಗ್ತದ? ಅದಕ್ಕ ಚಹಾಕ್ಕ ಅನ್ನೋದು,” ಎಂದಳು.

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ಅತ್ತಿ ಪಂಪ್ ಹೊಡೆಯುತ್ತಿದ್ದ ಸೀಮೆಎಣ್ಣೆ ಸ್ಟೋವ್ ಸಿಡಿಯಿತು. ಮುಖದ ಒಂದು ಬದಿ, ಕುತ್ತಿಗೆ ಸುಟ್ಟುಹೋದವು. ಅವಳು ಆಸ್ಪತ್ರೆಯಲ್ಲಿದ್ದಷ್ಟು ಕಾಲ ಮನೆಯಲ್ಲಿ ಯಾರೂ ಆ ಶಬ್ದ ಎತ್ತಲಿಲ್ಲ. ಎತ್ತಬೇಡಿರೆಂದು ಯಾರೂ ಹೇಳಿರಲೂ ಇಲ್ಲ. ಅವಳು ಮನೆಗೆ ಬರುವ ದಿನ ಅಪ್ಪ ಗೋಡೆಯ ಕನ್ನಡಿ ತೆಗೆದು ಅಟ್ಟಕ್ಕೆ ಹಾಕಿದ. ಬಂದವಳು ಸೆರಗು ಮುಖಕ್ಕೆಳೆದುಕೊಂಡು ಮೂಲೆಯಲ್ಲಿ ಕೂತಳು. ಚಹಾ ಕೊಟ್ಟರೆ ಕುಡಿಯುವಳು, ಏನೂ ಅನ್ನಳು. ಅವ್ವನಿಗೆ ಅದು ತಡೆಯಲಾಗದ ಸಂಕಟ. ಒಂದು ಸಂಜೆ ಬೇಕೆಂದೇ ಹಾಲನ್ನು ತಳ ಹಿಡಿಸಿದಳು. ಸಕ್ಕರೆ ಹಾಕಲಿಲ್ಲ. ಪುಡಿಯನ್ನು ಕಹಿಯಾಗುವ ತನಕ ಕುದಿಸಿ, “ಇವತ್ತರ ಬೈತಾಳ ನೋಡು,” ಎಂದು ನನ್ನ ಕಿವಿಯಲ್ಲಿ ಹೇಳಿ, ಕಪ್ ಕೊಟ್ಟು ಅವಳ ಎದುರಿಗೇ ಕೂತಳು. ಬೈದರೆ ಸಾಕಿತ್ತು ನಮಗೆ, ನಮ್ಮ ಅತ್ತಿ ವಾಪಸು ಬಂದಂತೆ. ಅತ್ತಿ ಒಂದೊಂದೇ ಗುಟುಕು ಪೂರ್ತಿ ಕುಡಿದಳು. “ಚಲೋ ಆಗ್ಯದ, ವೈನಿ,” ಅಂದಳು.

ಅವ್ವ ಖಾಲಿ ಕಪ್ ಹಿಡಿದುಕೊಂಡು ಪಾತ್ರೆ ತೊಳೆಯುವ ಮೋರಿಗೆ ಹೋಗಿ, ನಳ ಬಿಟ್ಟು ಅತ್ತಳು.

ಆಮೇಲೆ ಅತ್ತಿ ಎಷ್ಟೋ ವರ್ಷ ನಮ್ಮೊಂದಿಗೇ ಇದ್ದಳು. ಯಾವುದರಲ್ಲೂ ಕೊಂಕು ತೆಗೆಯಲಿಲ್ಲ, ಕೊಟ್ಟಿದ್ದೆಲ್ಲ ಚಲೋ. ಈಗ ಅವಳೂ ಇಲ್ಲ, ಅವ್ವನೂ ಇಲ್ಲ, ಆ ಮನೆಯನ್ನೂ ಕೆಡವಿದರು. ಮೊನ್ನೆ ನಾನು ಮಾಡಿದ ಚಹಾ ಕುಡಿದು ಮಗಳು ಮುಖ ಹಿಂಡಿ, “ಘಾಸ್ಟ್ಲಿ ಅದ, ಅವ್ವಾ!” ಅಂದಳು. ನನ್ನ ಕಣ್ಣು ತುಂಬಿದ್ದನ್ನು ಕಂಡು ಗಾಬರಿಯಾದಳು ಪಾಪ. “ಇನ್ನೊಮ್ಮೆ ಅನ್ನವಾ,” ಎಂದೆ.